ಮೊದಲು ಹಸಿ ಕಸ, ಉಳಿದದ್ದು ಆಮೇಲೆ

ಬೆಳಿಗ್ಗೆ ಏಳೂವರೆಗೆ ನಮ್ಮ ಬೀದಿಗೆ ಕಸದ ಆಟೊ ಬರುತ್ತದೆ. ಹಾಡು ಕೇಳಿಸಿದ್ದೇ ತಡ, ಎಲ್ಲರೂ ಗೇಟಿಗೆ ಓಡುತ್ತಾರೆ. ಕೈಯಲ್ಲಿ ಗಂಟು ಹಾಕಿದ ಕಪ್ಪು ಕವರ್. ಅದರೊಳಗೆ ನಿನ್ನೆಯ ಸಾರು, ಸೌತೆಕಾಯಿ ಸಿಪ್ಪೆ, ಹಾಲಿನ ಕವರ್, ಮಗುವಿನ ಡೈಪರ್, ಕೊರಿಯರ್‌ನಲ್ಲಿ ಬಂದ ಡಬ್ಬ, ಎಲ್ಲ ಒಟ್ಟಿಗೆ. ಎರಡು ವರ್ಷದ ಹಿಂದೆ ನಮ್ಮ ಮನೆಯದೂ ಇದೇ ಕಥೆ, ಹಾಗಾಗಿ ಯಾರನ್ನೂ ಬಯ್ಯೋಕೆ ನನಗೆ ಮುಖವಿಲ್ಲ.

ಬೆಂಗಳೂರಿಗೆ ತನ್ನ ಕಸ ಎಲ್ಲಿಗೆ ಹೋಗುತ್ತದೆ ಅಂತ ಸರಿಯಾಗಿ ಗೊತ್ತಾಗಿದ್ದು 2012ರಲ್ಲಿ, ಊರ ಹೊರಗಿನ ಮಾವಳ್ಳಿಪುರದಲ್ಲಿ ಕಸ ಸುರಿಯುವುದು ನಿಂತಾಗ. ಆಮೇಲೆ ಲಾರಿಗಳು ಮಂಡೂರಿನ ಕಡೆ ತಿರುಗಿದವು. ಅಲ್ಲಿನ ಜನ ನಾತ, ನೊಣ ಸಾಕಾಗಿ ಬೀದಿಗಿಳಿದರು, 2014ರ ಕೊನೆಗೆ ಅಲ್ಲೂ ಬಂದ್ ಆಯಿತು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್, ಮನೆಯಲ್ಲಿ ಎರಡು ಬುಟ್ಟಿ ಒಂದು ಚೀಲ ಇಟ್ಟುಕೊಳ್ಳಿ ಎಂದಿತು. ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಪ್ಯಾಡು, ಡೈಪರ್, ಬ್ಯಾಂಡೇಜು. ಚೀಲಕ್ಕೆ ಒಣ ಕಸ. ಇಷ್ಟೇ ನಿಯಮ. ಇದನ್ನೇ ನಾವು ಇಷ್ಟು ವರ್ಷ ಮಾಡಿಲ್ಲ ನೋಡಿ.

ನಾನು ಕಂಡುಕೊಂಡದ್ದು ಒಂದೇ ವಿಷಯ. ಹಸಿ ಕಸವನ್ನು ಒಮ್ಮೆ ಬೇರೆ ಮಾಡಿಬಿಟ್ಟರೆ ಉಳಿದದ್ದು ಅರ್ಧ ತಾನಾಗಿಯೇ ಸರಿಹೋಗುತ್ತದೆ. ಮನೆ ಕಸದಲ್ಲಿ ಅರ್ಧಕ್ಕಿಂತ ಜಾಸ್ತಿ ಹಸಿಯೇ. ನಾತ ಬರುವುದು ಅದರಿಂದ, ಪೇಪರು ಪ್ಲಾಸ್ಟಿಕ್ ಹಾಳಾಗುವುದೂ ಅದು ಮೆತ್ತಿಕೊಂಡು.

ಮೊದಲ ವಾರ ಏನೂ ಖರೀದಿ ಮಾಡಬೇಡಿ. ಸಿಂಕಿನ ಪಕ್ಕ ಒಂದು ಹಳೇ ಡಬ್ಬ ಇಡಿ, ಒಳಗೆ ಹಳೇ ಪೇಪರ್ ಹಾಸಿ. ಸಿಪ್ಪೆ, ಚಹಾ ಪುಡಿ, ಒಗ್ಗರಣೆಯ ಕರಿಬೇವು, ಮಿಕ್ಕಿದ ಅನ್ನ ಎಲ್ಲ ಅದಕ್ಕೆ. ಕವರ್ ಮಾತ್ರ ಬೇಡ. ಕವರ್‌ನಲ್ಲಿ ಕಟ್ಟಿ ಕೊಟ್ಟರೆ ಅದನ್ನು ಹರಿದು ಸುರಿಯಬೇಕಾದವರು ಬರಿಗೈಯಲ್ಲಿ ನಿಂತಿರುತ್ತಾರೆ, ಅಲ್ವಾ?

ಎರಡನೇ ವಾರ ಗೊಬ್ಬರ. ದುಬಾರಿ ಯಂತ್ರ ಏನೂ ಬೇಕಿಲ್ಲ. ಇಪ್ಪತ್ತು ಲೀಟರಿನ ಖಾಲಿ ಪೇಂಟ್ ಬಕೆಟ್ ಮೂರು ಹುಡುಕಿ. ಕಾಯಿಸಿದ ಮೊಳೆಯಿಂದ ಸುತ್ತಲೂ ತಳಕ್ಕೂ ತೂತು ಮಾಡಿ, ಗಾಳಿ ಆಡಬೇಕು. ತಳಕ್ಕೆ ತೆಂಗಿನ ನಾರು ಅಥವಾ ಒಣ ಎಲೆ. ದಿನವೂ ಒಂದು ಬಟ್ಟಲು ಸಿಪ್ಪೆ ಹಾಕಿದರೆ ಅದರ ಮೇಲೆ ಒಂದೂವರೆ ಬಟ್ಟಲು ಒಣ ಎಲೆ ಪುಡಿ ಮಾಡಿ ಹಾಕಿ. ಶುರುವಿಗೆ ಎರಡು ಸೌಟು ಹುಳಿ ಮಜ್ಜಿಗೆ ಚಿಮುಕಿಸಿ, ಇಲ್ಲವೇ ಯಾರಾದರೂ ಕೊಟ್ಟ ಹಳೇ ಗೊಬ್ಬರ ಒಂದು ಹಿಡಿ. ವಾರಕ್ಕೆರಡು ಸಲ ಕೋಲಿನಿಂದ ತಿರುವಿ ಹಾಕಿ. ಮೊದಲ ಬಕೆಟ್ ತುಂಬಿದಾಗ ಮುಚ್ಚಿ ಪಕ್ಕಕ್ಕಿಟ್ಟು ಎರಡನೆಯದಕ್ಕೆ ಕೈಹಾಕಿ. ಒಂದೂವರೆ ಎರಡು ತಿಂಗಳಿಗೆ ಮೊದಲನೆಯದು ಕಪ್ಪು ಪುಡಿಯಾಗಿ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ.

ಜನ ಇಲ್ಲಿಯೇ ಕೈಬಿಡುತ್ತಾರೆ, ಹಾಗಾಗಿ ತೊಂದರೆಗಳನ್ನೂ ಹೇಳಿಬಿಡುತ್ತೇನೆ. ನಾತ ಬಂದರೆ ನೀರು ಜಾಸ್ತಿಯಾಗಿದೆ ಅಂತ ಅರ್ಥ, ಒಣ ಎಲೆ ಸುರಿದು ತಿರುವಿ. ಇರುವೆ ಬಂದರೆ ಒಣಗಿದೆ, ಸ್ವಲ್ಪ ನೀರು ಚಿಮುಕಿಸಿ. ಬಿಳಿ ಬೂಷ್ಟು ಕಂಡರೆ ಖುಷಿಪಡಿ. ದಪ್ಪ ಬೂದು ಹುಳ ಕಂಡರೆ ಮನೆಯವರು ಕಿರುಚುತ್ತಾರೆ, ನಮ್ಮ ಅತ್ತೆಯಂತೂ ಎರಡು ದಿನ ಆ ಕಡೆ ಹೋಗಲೇ ಇಲ್ಲ. ಅದು ಕಪ್ಪು ಸೈನಿಕ ನೊಣದ ಮರಿ, ಕಚ್ಚುವುದಿಲ್ಲ, ಸಿಪ್ಪೆ ತಿಂದು ಕೆಲಸ ಬೇಗ ಮುಗಿಸುತ್ತದೆ. ಮಾಂಸ, ಎಣ್ಣೆ ಪದಾರ್ಥ ಮಾತ್ರ ಶುರುವಿನಲ್ಲಿ ಬೇಡ, ಇಲಿ ಬರುತ್ತವೆ. ಅದನ್ನು ಹಸಿ ಕಸದ ಆಟೊಗೇ ಕೊಡಿ.

ಒಣ ಎಲೆ ಎಲ್ಲಿಂದ? ಚಳಿ ಮುಗಿಯುವ ಹೊತ್ತಿಗೆ ಬೆಂಗಳೂರಿನ ಬೀದಿಗಳಲ್ಲಿ ರಾಶಿ ಎಲೆ ಉದುರುತ್ತದೆ, ಮೂಲೆಯಲ್ಲಿ ಗುಡಿಸಿ ಬೆಂಕಿ ಹಚ್ಚುವುದೂ ಆಗಲೇ. ಬೀದಿ ಗುಡಿಸುವ ಅಕ್ಕನ ಹತ್ತಿರ ಮಾತಾಡಿ, ಎರಡು ಗೋಣಿಚೀಲ ತುಂಬಿಸಿಟ್ಟುಕೊಳ್ಳಿ. ಮಳೆಗಾಲಕ್ಕೆ ಅದೇ ಬಂಡವಾಳ.

ಈಗ ಒಣ ಕಸ. ಹಸಿ ಸೇರದಿದ್ದರೆ ಇದನ್ನು ದಿನಾ ಕೊಡಬೇಕಿಲ್ಲ, ವಾರಗಟ್ಟಲೆ ಇಟ್ಟರೂ ನಾರುವುದಿಲ್ಲ. ಹಾಲಿನ ಕವರ್, ಮೊಸರಿನ ಡಬ್ಬ ಒಮ್ಮೆ ಜಾಲಿಸಿ ಒಣಗಿಸಿ, ಪಾತ್ರೆ ತೊಳೆದ ಕೊನೆಯ ನೀರೇ ಸಾಕು. ಕವರ್ ಕತ್ತರಿಸುವಾಗ ಮೂಲೆ ಪೂರ್ತಿ ತುಂಡು ಮಾಡಬೇಡಿ, ಅರ್ಧ ಸೀಳಿ ಬಿಡಿ. ಆ ಚಿಕ್ಕ ತುಂಡನ್ನು ಯಾರೂ ಹೆಕ್ಕುವುದಿಲ್ಲ, ಅದು ಚರಂಡಿಗೋ ಮಣ್ಣಿಗೋ ಸೇರುತ್ತದೆ.

ಪೇಪರ್, ರಟ್ಟು, ಬಾಟಲಿ, ಹಾಲಿನ ಕವರ್, ತಗಡು ಇವಕ್ಕೆ ಗುಜರಿಯವನೇ ದುಡ್ಡು ಕೊಡುತ್ತಾನೆ. ಚಿಪ್ಸ್ ಪೊಟ್ಟಣ, ಬಿಸ್ಕತ್ತಿನ ಹೊದಿಕೆಯನ್ನು ಅವನು ಮುಟ್ಟುವುದಿಲ್ಲ. ಪ್ಲಾಸ್ಟಿಕ್ಕು, ಬೆಳ್ಳಿಯಂತೆ ಹೊಳೆಯುವ ಅಲ್ಯೂಮಿನಿಯಂ ಪದರ ಒಂದಕ್ಕೊಂದು ಅಂಟಿರುವ ಅದನ್ನು ಬಿಡಿಸುವುದು ಕಷ್ಟ, ಬಹಳಷ್ಟು ಸಿಮೆಂಟ್ ಕಾರ್ಖಾನೆಯ ಒಲೆಗೆ ಹೋಗುತ್ತದೆ. ಇಂಥದ್ದು ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರಕ್ಕೆ. ಬೆಂಗಳೂರಿನಲ್ಲಿ ಇಂಥ ಕೇಂದ್ರಗಳಲ್ಲಿ ಹಲವನ್ನು ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೇ ನಡೆಸುತ್ತಿದ್ದಾರೆ. ಒಮ್ಮೆ ಹೋಗಿ ನೋಡಿ. ಯಾವ ಪ್ಲಾಸ್ಟಿಕ್ಕು ಎಲ್ಲಿಗೆ ಅಂತ ಅವರಷ್ಟು ಚೆನ್ನಾಗಿ ಹೇಳುವವರು ಸಿಗುವುದು ಕಷ್ಟ.

ಒಂದು ಮಾತು, ಅಂಗಡಿಯವರು ಬಟ್ಟೆ ಚೀಲ ಅಂತ ಕೊಡುವ ಬಣ್ಣಬಣ್ಣದ ಚೀಲ ಬಟ್ಟೆಯದಲ್ಲ. ಬೆಂಕಿ ತಾಗಿಸಿ ನೋಡಿ, ಕರಗುತ್ತದೆ, ಪ್ಲಾಸ್ಟಿಕ್ಕೇ.

ಡೈಪರು, ಪ್ಯಾಡು ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ. ಒಡೆದ ಗಾಜೂ ಹಾಗೆಯೇ, ದಪ್ಪ ಪೇಪರಿನಲ್ಲಿ. ಟ್ಯೂಬ್‌ಲೈಟಿನೊಳಗೆ ಪಾದರಸ ಇರುತ್ತದೆ, ಒಡೆಯಬೇಡಿ.

ಬೀದಿಗೆಲ್ಲ ಇದನ್ನು ಹಬ್ಬಿಸುವುದೇ ಕಷ್ಟದ ಕೆಲಸ. ನಾವು ಮೊದಲು ವಾಟ್ಸ್ಆ್ಯಪ್ ಗುಂಪಿನಲ್ಲಿ ತಪ್ಪು ಮಾಡಿದವರ ಕಸದ ಫೋಟೊ ಹಾಕಿದೆವು. ಜಗಳ ಆಯಿತು, ಮೂವರು ಗುಂಪು ಬಿಟ್ಟರು, ಕಸ ಹಾಗೇ ಉಳಿಯಿತು. ಆಮೇಲೆ ಹತ್ತೇ ಮನೆ ಹಿಡಿದುಕೊಂಡೆವು. ಭಾನುವಾರ ಒಂದೊಂದು ಮನೆಗೆ ಹೋಗಿ ಬಕೆಟ್ ತೋರಿಸಿ, ಕಾಫಿ ಕುಡಿದು ಬಂದೆವು. ಮನೆಗೆಲಸದವರಿಗೂ ಹೇಳಿ, ಎಷ್ಟೋ ಮನೆಯಲ್ಲಿ ಬುಟ್ಟಿ ಮುಟ್ಟುವುದು ಅವರೇ. ನಾವು ಬೇರೆ ಮಾಡಿದ್ದನ್ನು ಆಟೊದಲ್ಲಿ ಒಟ್ಟಿಗೆ ಸುರಿದದ್ದೂ ಉಂಟು, ತುಂಬಾ ಬೇಜಾರಾಯಿತು. ಡ್ರೈವರಣ್ಣನನ್ನು ಕೇಳಿದರೆ, "ನೀವು ಹತ್ತು ಮನೆ ಬೇರೆ ಕೊಡ್ತೀರ, ಮಿಕ್ಕ ಮೂವತ್ತು ಮನೇದು ಎಲ್ಲಿ ಹಾಕ್ಲಿ?" ಅಂದರು. ನ್ಯಾಯವೇ. ಮನೆಗಳು ಇಪ್ಪತ್ತು ದಾಟಿದ ಮೇಲೆ ಅವರೇ ಒಂದು ಡ್ರಮ್ ಬೇರೆ ಕಟ್ಟಿಕೊಂಡು ಬಂದರು.

ಹಬ್ಬಕ್ಕೆ ಮುಂಚೆಯೇ ಯೋಚಿಸಿ. ಆಯುಧಪೂಜೆ ಮಾರನೆಯ ದಿನ ಒಡೆದ ಬೂದುಗುಂಬಳ, ಬಾಳೆಕಂದು ರಸ್ತೆ ತುಂಬ. ಎಲ್ಲವೂ ಹಸಿ ಕಸವೇ, ಕತ್ತರಿಸಿ ಹಾಕಿದರೆ ಒಳ್ಳೆ ಗೊಬ್ಬರ. ಗಣೇಶನ ಊಟಕ್ಕೆ ನಾವು ಚಂದಾ ಎತ್ತಿ ನೂರು ಸ್ಟೀಲ್ ತಟ್ಟೆ, ಲೋಟ ತಂದೆವು. ಈಗ ನಾಮಕರಣ, ಹುಟ್ಟುಹಬ್ಬಕ್ಕೂ ಅವೇ ಓಡಾಡುತ್ತವೆ. ತೊಳೆದು ಎಣಿಸಿ ವಾಪಸ್ ಕೊಡಬೇಕು, ಅಷ್ಟೇ.

ಗೊಬ್ಬರ ಸಿದ್ಧವಾದ ಮೇಲೆ ಜರಡಿ ಹಿಡಿಯಿರಿ. ಮಾವಿನ ಓಟೆ, ನಾರು ಮೇಲೆ ಉಳಿಯುತ್ತವೆ, ಅವನ್ನು ಮತ್ತೆ ಬಕೆಟ್ಟಿಗೇ ಹಾಕಿ. ನಮ್ಮ ಮೊದಲ ಬಕೆಟ್ ಜರಡಿ ಹಿಡಿದಾಗ ಹಾಲಿನ ಕವರಿನ ಏಳು ಮೂಲೆ ಸಿಕ್ಕವು. ಒಂದೂ ಕರಗಿರಲಿಲ್ಲ, ನೀಲಿ ಬಣ್ಣವೂ ಹೋಗಿರಲಿಲ್ಲ.