ರಿದಮ್ ಗೇಮ್ ಆಡಿ ಡ್ರಮ್ಸ್ ಕಲಿತೆ: ನನ್ನ ಅನುಭವ

ರಿದಮ್ ಗೇಮ್ (ಸ್ಕ್ರೀನಿನಲ್ಲಿ ಬೀಳುವ ನೋಟ್ ಗುರುತು ನೋಡಿ, ಹಾಡಿನ ತಾಳಕ್ಕೆ ಸರಿಯಾಗಿ ಬಟನ್ ಒತ್ತುವ ಇಲ್ಲವೇ ಪ್ಯಾಡ್ ಹೊಡೆಯುವ ವಿಡಿಯೋ ಗೇಮ್) ಆಡಿದರೆ ಡ್ರಮ್ಸ್ ಬರಲ್ಲ ಅಂತ ನನಗೆ ಹೇಳದವರೇ ಇಲ್ಲ. ಬ್ಯಾಂಡ್‌ನಲ್ಲಿ ಗಿಟಾರ್ ನುಡಿಸುವ ಗೆಳೆಯನಂತೂ "ಅದು ಬಟನ್ ಒತ್ತೋ ಆಟ ಕಣೋ, ಕೈಗೆ ಏನೂ ಹತ್ತಲ್ಲ" ಅಂದಿದ್ದ. ಈಗ ಅವರ ಡ್ರಮ್ಮರ್ ಬರದ ದಿನ ಆ ಸ್ಟೂಲ್ ಮೇಲೆ ನಾನೇ ಕೂರುತ್ತೇನೆ. ಕರೆಯುವವನೂ ಅವನೇ. ಪ್ಯಾಡ್ ಅಂದರೆ ಡ್ರಮ್ ಬದಲು ಹೊಡೆಯುವ ತಟ್ಟೆ, ಮಾಡ್ಯೂಲ್ ಅಂದರೆ ಆ ಪೆಟ್ಟುಗಳನ್ನು ಸದ್ದಾಗಿಸುವ ಡಬ್ಬಿ, ಮಿಡಿ ಅಂದರೆ ಯಾವ ಪೆಟ್ಟು, ಎಷ್ಟು ಜೋರು ಅಂತ ಕಂಪ್ಯೂಟರ್‌ಗೆ ಅಂಕಿಯಲ್ಲಿ ಹೇಳುವ ಭಾಷೆ. ಇಷ್ಟು ಗೊತ್ತಿದ್ದರೆ ಸಾಕು, ನೇರ ವಿಷಯಕ್ಕೆ ಬರುತ್ತೇನೆ.

ಮೊದಲು ದುಡ್ಡು ಹೋದ ದಾರಿ. 2005ರಲ್ಲಿ ಗಿಟಾರ್ ಹೀರೋ ಅನ್ನುವ ಗೇಮ್ ಬಂದಾಗಿನಿಂದ ಚಾಲ್ತಿಯಲ್ಲಿರುವ ಐದು ಬಟನ್ನಿನ ಪ್ಲಾಸ್ಟಿಕ್ ಗಿಟಾರ್ ಇದೆಯಲ್ಲ, ಅಂಥವು ಎರಡು ಮೂರು ನನ್ನ ಮನೆಗೆ ಬಂದು ಹಾಳಾದವು. ಸ್ಟ್ರಮ್ ಮಾಡುವ (ತಂತಿ ಮೀಟಿದಂತೆ ಆಡಿಸುವ) ಸ್ವಿಚ್ ಸವೆದು, ಒಂದು ಸಲ ಎಳೆದರೆ ಎರಡು ಅಂತ ಎಣಿಸುತ್ತಿತ್ತು. ಅಷ್ಟು ದುಡ್ಡಿಗೆ ಒಂದು ಸಾಧಾರಣ ನಿಜವಾದ ಗಿಟಾರೇ ಬರುತ್ತಿತ್ತು. ನಿಜವಾದ ಗಿಟಾರ್ ಹಿಡಿದಾಗ ಬಲಗೈಗೆ ಲಯ ಕೂತಿತ್ತು, ನಿಜ. ಎಡಗೈಗೆ ಏನೂ ಬಂದಿರಲಿಲ್ಲ. ತಂತಿ ಒತ್ತುವ ಬಲ, ಬಾರ್ ಕಾರ್ಡ್ (ಒಂದೇ ಬೆರಳನ್ನು ಅಡ್ಡ ಇಟ್ಟು ಹಲವು ತಂತಿ ಒತ್ತುವುದು), ಯಾವುದನ್ನೂ ಐದು ಬಟನ್ ಕಲಿಸಲ್ಲ. 2010ರ ರಾಕ್ ಬ್ಯಾಂಡ್ 3 ಅನ್ನುವ ಗೇಮ್‌ಗೆ 102 ಬಟನ್ ಇರುವ ಗಿಟಾರ್ ಕೂಡ ಬಂದಿತ್ತು. ಅದಕ್ಕೆ ನಾನು ಕೈ ಹಾಕಲಿಲ್ಲ.

ಡ್ರಮ್ಸ್ ಕಥೆ ಬೇರೆ. 2007ರ ಮೊದಲ ರಾಕ್ ಬ್ಯಾಂಡ್‌ನ ನಾಲ್ಕು ಪ್ಯಾಡ್, ಒಂದು ಪೆಡಲ್ ಮುಂದೆ ಕೂತರೂ ಬಲಗೈ ಹೈ-ಹ್ಯಾಟ್ (ಪೆಡಲ್‌ನಿಂದ ಮುಚ್ಚಿ ತೆರೆಯುವ ಜೋಡಿ ಲೋಹದ ತಟ್ಟೆ) ಹಿಡಿಯುತ್ತೆ, ಎಡಗೈ ಸ್ನೇರ್ (ಎದುರಿಗಿರುವ ಸಣ್ಣ ಡ್ರಮ್), ಬಲಗಾಲು ಕಿಕ್ (ಪೆಡಲ್‌ನಿಂದ ಹೊಡೆಯುವ ದೊಡ್ಡ ಡ್ರಮ್). ಇಲ್ಲಿ ನಟನೆ ಇಲ್ಲ. ಹೊಡೆದದ್ದು ಹೊಡೆದದ್ದೇ. ಇದು ಹೊಳೆದ ಮೇಲೆ ಸುಮಾರು ಒಂದು ತಿಂಗಳ ಸಂಬಳ ಸುರಿದು ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಾನಿಕ್ ಕಿಟ್ ತಂದೆ. ಯುಎಸ್‌ಬಿಯಲ್ಲಿ ಲ್ಯಾಪ್‌ಟಾಪ್‌ಗೆ ಸೇರಿಸಿ ಕ್ಲೋನ್ ಹೀರೋ ಅನ್ನುವ ರಿದಮ್ ಗೇಮ್ ಹಾಕಿದೆ. ಅದು ಪುಕ್ಕಟೆ. ಕಿಕ್ 36, ಸ್ನೇರ್ 38, ಮುಚ್ಚಿದ ಹೈ-ಹ್ಯಾಟ್ 42 ಅಂತ ಮಿಡಿ ನೋಟ್ (ಪ್ರತಿ ಪ್ಯಾಡ್‌ಗೂ ಇರುವ ಅಂಕಿ) ಹೊಂದಿಸಿದರೆ ಅರ್ಧ ಕೆಲಸ ಮುಗಿದಂತೆ.

ಗೇಮ್ ಯಾಕೆ ಹಿಡಿದು ಕೂರಿಸುತ್ತೆ ಗೊತ್ತಾ? ಪ್ರತಿ ಪೆಟ್ಟಿಗೂ ಆಗಲೇ ತೀರ್ಪು ಬರುತ್ತೆ. ನಿಜವಾದ ಡ್ರಮ್ ಮೇಲೆ ತಾಳ ತಪ್ಪಿದರೆ ಹೊಸಬನಿಗೆ ಗೊತ್ತೇ ಆಗಲ್ಲ. ಇಲ್ಲಿ ಕಾಂಬೋ (ತಪ್ಪಿಲ್ಲದೆ ಸಾಲಾಗಿ ಹೊಡೆದ ಎಣಿಕೆ) ಕತ್ತರಿಸಿ ಬೀಳುತ್ತೆ. ಪ್ರಾಕ್ಟೀಸ್ ಪ್ಯಾಡ್ ಮುಂದೆ ಕಾಲು ಗಂಟೆಗೆ ಎದ್ದು ಹೋಗುತ್ತಿದ್ದ ನಾನು ಗೇಮ್ ಮುಂದೆ ಎರಡು ಗಂಟೆ ಕೂರುತ್ತಿದ್ದೆ. ಆ ಎರಡು ಗಂಟೆಗೆ ನಾನು ಬಹಳ ಬೆಲೆ ಕೊಡುತ್ತೇನೆ.

ಆದರೂ ಕೆಲವು ತಿಂಗಳು ಏನೂ ಗಿಟ್ಟಲಿಲ್ಲ. ಗೇಮ್‌ನಲ್ಲಿ 97, 98 ಪರ್ಸೆಂಟ್. ಅದನ್ನೇ ರೆಕಾರ್ಡ್ ಮಾಡಿ ಕೇಳಿದರೆ ಜೀವವೇ ಇಲ್ಲ. ಮಿಡಿ ತೆರೆದು ನೋಡಿದೆ. ವೆಲಾಸಿಟಿ (ಪೆಟ್ಟು ಎಷ್ಟು ಜೋರು ಅನ್ನುವ ಅಂಕಿ) 1ರಿಂದ 127ರವರೆಗೆ ಇರುತ್ತೆ ಅಲ್ವಾ, ನನ್ನ ಸ್ನೇರ್ ಪೆಟ್ಟುಗಳೆಲ್ಲ 100, 110ರ ಸುತ್ತ ಸಾಲಾಗಿ ನಿಂತಿದ್ದವು. ಗೋಸ್ಟ್ ನೋಟ್ (ಕೇಳಿಯೂ ಕೇಳದಂಥ ಮೆಲು ಪೆಟ್ಟು) ಒಂದೂ ಇಲ್ಲ. ಜೊತೆಗೆ ಎಲ್ಲ ಪೆಟ್ಟೂ ಗ್ರಿಡ್‌ಗಿಂತ (ತಾಳದ ಸರಿಯಾದ ಗೆರೆಗಿಂತ) ಚೂರು ಮೊದಲೇ. ಬೀಳುವ ನೋಟ್ ಗೆರೆ ಮುಟ್ಟುವ ಮೊದಲೇ ಕೈ ಓಡುತ್ತಿತ್ತು. ಅಂದರೆ ನುಡಿಸುತ್ತಿದ್ದದ್ದು ಕಣ್ಣು, ಕಿವಿ ಅಲ್ಲ.

ನನಗೆ ಫಲ ಕೊಟ್ಟದ್ದು ಇದು. ಹಾಡನ್ನು 70 ಪರ್ಸೆಂಟ್ ವೇಗಕ್ಕೆ ಇಳಿಸಿ ಕಲಿತ ಮೇಲೆ ಸ್ಕ್ರೀನಿನ ಮೇಲರ್ಧಕ್ಕೆ ರಟ್ಟು ಅಂಟಿಸಿದೆ. ನೋಟ್ ಕೊನೇ ಗಳಿಗೆಯಲ್ಲಷ್ಟೇ ಕಾಣಬೇಕು. ಅದು ಸಲೀಸಾದ ಮೇಲೆ ಮಾನಿಟರ್ ಪೂರ್ತಿ ಆಫ್. ಗೇಮ್ ಒಳಗೆ ಅಂಕ ಎಣಿಸುತ್ತಲೇ ಇರುತ್ತೆ. ಹಾಡು ಮುಗಿದ ಮೇಲೆ ಆನ್ ಮಾಡಿ ನೋಡುವುದು. ಮೊದಲು 60ರ ಹತ್ತಿರಕ್ಕೆ ಕುಸಿಯಿತು. ಹಿಡಿದು ಕೂತೆ, ನಿಧಾನಕ್ಕೆ 90 ದಾಟಿತು. ಯಾವ ಹಾಡಾದ ಮೇಲೆ ಯಾವ ಹಾಡು ಅನ್ನುವ ನನ್ನ ಪಟ್ಟಿ ಮಾತ್ರ ಇಲ್ಲಿ ಬರೆಯಲ್ಲ. ಬಹಳ ಕಷ್ಟಪಟ್ಟು ಜೋಡಿಸಿದ್ದು.

ಇನ್ನೊಂದು ಮಾತು. ನಿಮ್ಮ ಪೆಟ್ಟಿನ ಸದ್ದನ್ನು ಗೇಮ್‌ನಿಂದ ತೆಗೆದುಕೊಳ್ಳಬೇಡಿ, ತಡವಾಗಿ ಕೇಳುತ್ತೆ. ಲ್ಯಾಪ್‌ಟಾಪ್‌ನ ಹಾಡನ್ನು ಮಾಡ್ಯೂಲ್‌ನ ಆಕ್ಸ್‌ಗೆ (ಹೊರಗಿನ ಸದ್ದು ಸೇರಿಸುವ ಕಿಂಡಿಗೆ) ಕೊಟ್ಟು, ಎರಡನ್ನೂ ವೈರ್ ಇರುವ ಒಂದೇ ಹೆಡ್‌ಫೋನ್‌ನಲ್ಲಿ ಕೇಳಿ. ಬ್ಲೂಟೂತ್ ಸಹವಾಸ ಬೇಡವೇ ಬೇಡ.

ನಡುವೆ ಟೈಕೋ (ಜಪಾನಿನ ಡ್ರಮ್) ಗೇಮ್‌ಗೂ ಹೋಗಿ ಬಂದೆ. ನಡುವಿಗೊಂದು ಪೆಟ್ಟು, ಅಂಚಿಗೊಂದು ಪೆಟ್ಟು, ಅಷ್ಟೇ ಆಟ. ಆದರೆ ಎಡ-ಬಲ ಕೈ ಬದಲಿಸುವುದು ಅದರಿಂದ ಎಷ್ಟು ಚೆನ್ನಾಗಿ ಬಂತು ಅಂದರೆ, ಈಗ ನನ್ನ ಸಿಂಗಲ್ ಸ್ಟ್ರೋಕ್ ರೋಲ್ (ಎಡ, ಬಲ ಅಂತ ಒಂದೊಂದೇ ಪೆಟ್ಟಿನ ವೇಗದ ಸಾಲು) ಕೇಳಿದವರು ಯಾರ ಹತ್ತಿರ ಕಲಿತಿರಿ ಅಂತ ವಿಚಾರಿಸುತ್ತಾರೆ. ಮೊಬೈಲ್‌ನಲ್ಲಿ ಬೆರಳು ತಟ್ಟುವ ಗೇಮ್‌ಗಳಿಂದ ಏನೂ ದಕ್ಕಲಿಲ್ಲ. ಎಡಗಾಲಿಗೆ ನಾನು ಆಡಿದ ಯಾವ ಡ್ರಮ್ ಚಾರ್ಟ್‌ನಲ್ಲೂ (ಹಾಡಿಗೆ ಗೇಮ್ ಬೀಳಿಸುವ ನೋಟ್‌ಗಳ ಜೋಡಣೆ) ಕೆಲಸವಿರಲಿಲ್ಲ. ಹಾಗಾಗಿ ಆಡುವಾಗಲೇ ಹೈ-ಹ್ಯಾಟ್ ಪೆಡಲ್ ಮೇಲೆ ಎಣಿಕೆ ಹಾಕಿಸಿದೆ. ಮೊದಲ ವಾರ ಸ್ಕೋರ್ ಪೂರ್ತಿ ನೆಲ ಕಚ್ಚಿತು, ಬಿಡಲಿಲ್ಲ.

ಗೋಸ್ಟ್ ನೋಟ್‌ಗೆ ಗೇಮ್ ಬಿಟ್ಟು ವೆಲಾಸಿಟಿ ನೋಡಿಕೊಂಡೇ ಸಾಧನೆ ಮಾಡಿದೆ. ಸಣ್ಣ ಪೆಟ್ಟು 30, 40ರೊಳಗೆ ಇಳಿಯುವವರೆಗೂ ಅದೇ ನಾಲ್ಕು ಬಾರ್ (ತಾಳದ ಸುತ್ತು). ಹಾಡುವವರು ಎಳೆದಾಗ ಜೊತೆಗೆ ಎಳೆಯುವುದು ಮಾತ್ರ ಬ್ಯಾಂಡ್‌ನ ರಿಹರ್ಸಲ್‌ನಲ್ಲೇ ಬಂತು. ಗೇಮ್‌ನ ಹಾಡು ನಿಮಗಾಗಿ ಕಾಯಲ್ಲವಲ್ಲ.