ದೂರದ ಸರ್ವರ್‌ಗೆ ಕೈ ಹಾಕುವ ಮುನ್ನ

ನಾನು ನೋಡಿಕೊಳ್ಳುವ ಸರ್ವರ್‌ಗಳೆಲ್ಲ ಉಬುಂಟು ಎಂಬ ಲಿನಕ್ಸ್‌ನಲ್ಲಿ ಓಡುತ್ತವೆ; ಒಂದೂ ಕೈಗೆಟಕುವ ದೂರದಲ್ಲಿಲ್ಲ. ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಬಾಗಿಲು ಮುಚ್ಚಿಹೋದರೆ ಹೋಸ್ಟಿಂಗ್‌ನವರ ಕನ್ಸೋಲ್ ಹುಡುಕಿಕೊಂಡು ಹೋಗಬೇಕು, ಅದಕ್ಕೇ ಅರ್ಧ ದಿನ ಬೇಕಾಗುತ್ತದೆ. ಹಾಗಾಗಿ ಯಾವ ಬದಲಾವಣೆಗೂ ಮೊದಲು ನೋಡುವುದು ಒಂದೇ: ಇದು ಕೆಟ್ಟರೆ ತಾನಾಗಿ ಹಳೇ ಸ್ಥಿತಿಗೆ ಬರುತ್ತದಾ?

ಲ್ಯಾಪ್‌ಟಾಪಿನ ಎಸ್‌ಎಸ್‌ಎಚ್ ಕಾನ್ಫಿಗ್ ಫೈಲಿನಲ್ಲಿ ಪ್ರತಿ ಸರ್ವರ್‌ಗೂ ಒಂದು ಚಿಕ್ಕ ಹೆಸರಿದೆ. ಒಳಗಿನ ಯಂತ್ರಗಳಿಗೆ ಇನ್ನೊಂದು ಸರ್ವರ್ ದಾಟಿ ಹೋಗುವ ಪ್ರಾಕ್ಸಿಜಂಪ್ ಸಾಲು, ಕನೆಕ್ಷನ್ ಸುಮ್ಮನೆ ಕಡಿದುಹೋಗದಂತೆ ಸರ್ವರ್‌ಅಲೈವ್‌ಇಂಟರ್ವಲ್ 60. ಲಾಗಿನ್ ಕೀಗಳನ್ನು ನೆನಪಿಟ್ಟುಕೊಳ್ಳುವ ಏಜೆಂಟ್‌ನಲ್ಲಿ ಏಳೆಂಟು ಕೀ ತುಂಬಿಕೊಂಡವರು, ಹೇಳಿದ ಕೀಯನ್ನಷ್ಟೇ ಕೊಡುವ ಐಡೆಂಟಿಟೀಸ್‌ಓನ್ಲಿ ಹಾಕಲೇಬೇಕು. ಸರ್ವರ್ ಸಾಮಾನ್ಯವಾಗಿ 6 ಪ್ರಯತ್ನಕ್ಕೆ ಕೈಬಿಡುತ್ತದೆ. ಸರಿಯಾದ ಕೀ ಏಳನೆಯದಾದರೆ ಅದರ ಸರದಿಯೇ ಬರುವುದಿಲ್ಲ. ಕಂಟ್ರೋಲ್‌ಮಾಸ್ಟರ್ ಆಟೋ, ಕಂಟ್ರೋಲ್‌ಪರ್ಸಿಸ್ಟ್ 10 ನಿಮಿಷ, ಜೊತೆಗೊಂದು ಕಂಟ್ರೋಲ್‌ಪಾತ್ ಇಟ್ಟರೆ ಮೊದಲ ಕನೆಕ್ಷನ್ನೇ ಮರುಬಳಕೆಯಾಗಿ ಎರಡನೇ ಲಾಗಿನ್ ತಕ್ಷಣ ಆಗುತ್ತದೆ. ಆದರೆ ಇದೇ ಸೌಲಭ್ಯ ಒಂದು ಕಡೆ ಮೋಸ ಮಾಡುತ್ತದೆ.

ಸರ್ವರ್ ಕಡೆಯ ಎಸ್‌ಎಸ್‌ಎಚ್ ಪ್ರೋಗ್ರಾಂ ಆದ ಎಸ್‌ಎಸ್‌ಎಚ್‌ಡಿಯ ಕಾನ್ಫಿಗ್ ತಿದ್ದಿದ ಮೇಲೆ 'ಎಸ್‌ಎಸ್‌ಎಚ್‌ಡಿ ಮೈನಸ್ ಸಣ್ಣ ಟಿ' ಓಡಿಸಿ ವ್ಯಾಕರಣ ನೋಡುತ್ತೇನೆ, ಆಮೇಲೆ ರೀಲೋಡ್. ಹಳೇ ಸೆಷನ್ ತೆರೆದೇ ಇರುತ್ತದೆ. ಇನ್ನೊಂದು ಟರ್ಮಿನಲ್‌ನಿಂದ ಹೊಸದಾಗಿ ಲಾಗಿನ್ ಆಗಿ ಪರೀಕ್ಷಿಸಬೇಕು. ಕಂಟ್ರೋಲ್‌ಮಾಸ್ಟರ್ ಇದ್ದಾಗ ಆ 'ಹೊಸ' ಲಾಗಿನ್ ನಿಜಕ್ಕೂ ಹಳೇ ಟಿಸಿಪಿ ಕನೆಕ್ಷನ್ ಮೇಲೇ ಸಾಗುತ್ತದೆ. ಪಾಸ್‌ವರ್ಡ್, ಕೀ, ಫೈರ್‌ವಾಲ್ ಯಾವುದೂ ಮತ್ತೆ ಪರಿಶೀಲನೆಯಾಗದೆ ಎಲ್ಲ ಸರಿಯಿದೆ ಅನಿಸಿಬಿಡುತ್ತದೆ. ಪರೀಕ್ಷೆಗೆ ಮಾತ್ರ ಕಂಟ್ರೋಲ್‌ಪಾತ್ ನನ್ ಎಂದು ಕೊಟ್ಟು ಲಾಗಿನ್ ಆಗಿ.

ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿದ್ದೇವೆ ಅಂದುಕೊಂಡರೂ ಅದು ನಡೆಯುತ್ತಲೇ ಇರಬಹುದು. ಉಬುಂಟುವಿನಲ್ಲಿ ಮುಖ್ಯ ಫೈಲಿನ ತಲೆಯಲ್ಲೇ ಬೇರೆ ಸಣ್ಣ ಫೈಲುಗಳನ್ನು ಒಳತರುವ ಇನ್‌ಕ್ಲೂಡ್ ಸಾಲಿದೆ, ಎಸ್‌ಎಸ್‌ಎಚ್‌ಡಿ ಯಾವುದೇ ಆಯ್ಕೆಗೆ ಮೊದಲು ಸಿಕ್ಕ ಬೆಲೆಯನ್ನೇ ಹಿಡಿಯುತ್ತದೆ. ಸರ್ವರ್ ಮೊದಲ ಸಲ ಶುರುವಾದಾಗ ಸೆಟಪ್ ಮಾಡುವ ಕ್ಲೌಡ್-ಇನಿಟ್ ಬರೆದಿಟ್ಟ ಸಣ್ಣ ಫೈಲಿನಲ್ಲಿ 'ಯೆಸ್' ಇದ್ದರೆ ಕೆಳಗೆ ನೀವು ಬರೆದ 'ನೋ' ವ್ಯರ್ಥ. ಜಾರಿಯಲ್ಲಿರುವುದು ಯಾವುದೆಂದು ದೊಡ್ಡ ಟಿ ಹಾಕಿದ 'ಎಸ್‌ಎಸ್‌ಎಚ್‌ಡಿ ಮೈನಸ್ ಟಿ' ಹೇಳುತ್ತದೆ. ಉಬುಂಟು 24.04ರಲ್ಲಿ ಪೋರ್ಟ್ ಬದಲಿಸುವವರು ಡೀಮನ್-ರೀಲೋಡ್ ಮಾಡಿ, ಪೋರ್ಟ್ ಹಿಡಿದಿರುವ ಎಸ್‌ಎಸ್‌ಎಚ್ ಸಾಕೆಟ್ ಯೂನಿಟ್ಟನ್ನೂ ರೀಸ್ಟಾರ್ಟ್ ಮಾಡಬೇಕು. ಸರ್ವಿಸ್ ಒಂದನ್ನೇ ಮಾಡಿದರೆ ಹಳೇ ಪೋರ್ಟೇ ಉಳಿಯುತ್ತದೆ.

ಫೈರ್‌ವಾಲ್ ಮುಟ್ಟುವ ಮುಂಚೆ 'ಆ್ಯಟ್' ಕಮ್ಯಾಂಡ್‌ನಲ್ಲಿ ಐದು ನಿಮಿಷದ ನಂತರ ಉಬುಂಟುವಿನ ಫೈರ್‌ವಾಲ್ ಆದ ಯುಎಫ್‌ಡಬ್ಲ್ಯೂ ಡಿಸೇಬಲ್ ಆಗುವಂತೆ ಕೆಲಸ ಕಟ್ಟಿಡುತ್ತೇನೆ. ಹೊಸ ಲಾಗಿನ್ ಸಿಕ್ಕರೆ ಆ ಕೆಲಸ ರದ್ದು, ಸಿಗದಿದ್ದರೆ ಚಹಾ ಕುಡಿದು ಬರುವಷ್ಟರಲ್ಲಿ ಬಾಗಿಲು ತೆರೆದಿರುತ್ತದೆ. ಹಳೇ ಸೆಷನ್ ಬದುಕಿದೆ ಅನ್ನುವುದು ಇಲ್ಲಿ ಸಾಕ್ಷಿಯೇ ಅಲ್ಲ, ಸ್ಥಾಪಿತ ಕನೆಕ್ಷನ್‌ಗಳನ್ನು ಯುಎಫ್‌ಡಬ್ಲ್ಯೂ ಮೊದಲೇ ಒಳಬಿಡುತ್ತದೆ. ಐಪಿ ಬದಲಾವಣೆಗೆ 'ನೆಟ್‌ಪ್ಲಾನ್ ಟ್ರೈ' ಇದೆ. 120 ಸೆಕೆಂಡಿನಲ್ಲಿ ಎಂಟರ್ ಒತ್ತದಿದ್ದರೆ ಹಿಂದಿನದಕ್ಕೇ ಮರಳುತ್ತದೆ. ನೆಟ್‌ವರ್ಕ್ ಇಂಟರ್‌ಫೇಸ್‌ಗಳನ್ನು ಜೋಡಿಸುವ ಬಾಂಡ್, ಬ್ರಿಡ್ಜ್‌ಗಳ ಪ್ಯಾರಾಮೀಟರ್ ಬದಲಿಸಿದಾಗ ಮಾತ್ರ ಇದು ನೆರವಿಗೆ ಬರುವುದಿಲ್ಲ. ಅಪ್‌ಗ್ರೇಡ್‌ನಂಥ ಉದ್ದ ಕೆಲಸಗಳೆಲ್ಲ, ಕನೆಕ್ಷನ್ ಕಡಿದರೂ ನಿಲ್ಲದಂತೆ, ಟಿಮಕ್ಸ್ ಒಳಗೆ, ಅದರಲ್ಲಿ ಚರ್ಚೆಯೇ ಇಲ್ಲ.

ಇನ್ನು ಕೆಲಸದ ಹೊರೆ. ಎದ್ದು ಏನಾದರೂ ಮಾಡಲೇಬೇಕಾದದ್ದಕ್ಕೆ ಮಾತ್ರ ಫೋನ್ ಅಲರ್ಟ್, ಉಳಿದದ್ದು ಬೆಳಗಿನ ಮೇಲ್‌ನಲ್ಲಿ. ಎಷ್ಟು ಪ್ರೊಸೆಸ್‌ಗಳು ಓಡುತ್ತಿವೆ, ಕಾಯುತ್ತಿವೆ ಎಂದು ಹೇಳುವ ಲೋಡ್ ಆವರೇಜ್‌ನ ಅಲರ್ಟನ್ನು ನಾನು ಕಿತ್ತೇ ಹಾಕಿದ್ದೇನೆ. ಲಿನಕ್ಸ್‌ನಲ್ಲಿ ಡಿಸ್ಕ್‌ಗಾಗಿ ಕಾಯುತ್ತ ಕೂತ, ಡಿ ಸ್ಥಿತಿಯ ಪ್ರೊಸೆಸ್‌ಗಳೂ ಅದರ ಲೆಕ್ಕಕ್ಕೆ ಸೇರುತ್ತವೆ. ನೆಟ್‌ವರ್ಕ್ ಮೂಲಕ ಬಳಸುವ ಡಿಸ್ಕ್, ಅಂದರೆ ಎನ್‌ಎಫ್‌ಎಸ್ ಮೌಂಟ್ ಒಂದು ನಿಂತರೆ ಸಿಪಿಯು ಖಾಲಿ ಇದ್ದೂ ಲೋಡ್ 50 ದಾಟಬಹುದು.

ಡಿಸ್ಕ್ ಅಲರ್ಟ್ ಮಾತ್ರ ಬೇಕೇ ಬೇಕು. ಡಿಸ್ಕ್‌ನ ಒಟ್ಟು ಜಾಗ ತೋರಿಸುವ 'ಡಿಎಫ್' ತುಂಬಿದೆ ಅನ್ನುತ್ತದೆ, ಫೈಲುಗಳ ಗಾತ್ರ ಕೂಡಿಸುವ 'ಡಿಯು'ನಲ್ಲಿ ಅಷ್ಟು ಬರುವುದಿಲ್ಲ: ಯಾರೋ ದೊಡ್ಡ ಲಾಗ್ ಫೈಲನ್ನು ಡಿಲೀಟ್ ಮಾಡಿದ್ದಾರೆ, ಬರೆಯುತ್ತಿರುವ ಪ್ರೊಸೆಸ್ ಅದನ್ನಿನ್ನೂ ಹಿಡಿದುಕೊಂಡಿದೆ. 'ಎಲ್‌ಎಸ್‌ಒಎಫ್ ಪ್ಲಸ್ ಎಲ್ 1' ಆ ಪ್ರೊಸೆಸ್ಸನ್ನು ತೋರಿಸುತ್ತದೆ. ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ಜಾಗ ಮರಳುತ್ತದೆ. ಡಿಲೀಟ್ ಮಾಡುವ ಬದಲು ಟ್ರಂಕೇಟ್ ಮಾಡಿ ಖಾಲಿಗೊಳಿಸಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ. ಜಾಗ ಉಳಿದಿದ್ದರೂ 'ನೋ ಸ್ಪೇಸ್' ಅಂದರೆ 'ಡಿಎಫ್ ಮೈನಸ್ ಐ' ನೋಡಿ. ಲಕ್ಷಗಟ್ಟಲೆ ಸೆಷನ್ ಫೈಲುಗಳು ಪ್ರತಿ ಫೈಲಿಗೂ ಒಂದರಂತೆ ಬೇಕಾಗುವ ಐನೋಡ್‌ಗಳನ್ನು ತಿಂದುಹಾಕಿರುತ್ತವೆ.

ನಿಗದಿತ ಹೊತ್ತಿಗೆ ತಾನಾಗಿ ಓಡುವ ಕ್ರಾನ್ ಕೆಲಸಗಳನ್ನು 'ಎಫ್‌ಲಾಕ್ ಮೈನಸ್ ಎನ್' ಹಾಕಿಯೇ ಓಡಿಸುತ್ತೇನೆ, ನಿಧಾನವಾದ ಬ್ಯಾಕಪ್ ಮೇಲೆ ಇನ್ನೊಂದು ಬ್ಯಾಕಪ್ ಏರದಂತೆ. ಸರ್ವರ್‌ಗಳು ಯುಟಿಸಿಯಲ್ಲಿರುವುದರಿಂದ ನಮ್ಮ ರಾತ್ರಿ 2 ಗಂಟೆ ಅಂದರೆ ಅಲ್ಲಿ ಹಿಂದಿನ ದಿನದ 20:30. ವಾರದ ದಿನ ಬರೆಯುವಾಗ ಇದನ್ನು ಮರೆಯುವಂತಿಲ್ಲ. ಕ್ರಾನ್‌ಟ್ಯಾಬ್‌ನಲ್ಲಿ ಶೇಕಡಾ ಚಿಹ್ನೆಗೆ ಮೊದಲು ಬ್ಯಾಕ್‌ಸ್ಲ್ಯಾಷ್ ಹಾಕದಿದ್ದರೆ ಸಾಲು ಅಲ್ಲಿಗೇ ತುಂಡಾಗುತ್ತದೆ. ಬ್ಯಾಕಪ್ ಫೈಲಿಗೆ ದಿನಾಂಕದ ಹೆಸರಿಡಲು ಹೋದವರಿಗೆಲ್ಲ ಆಗುವುದೇ ಇದು.

ಲಾಗ್‌ಗಳ ವಿಷಯದಲ್ಲಿ ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಕೊಟ್ಟ ನಿರ್ದೇಶನದಂತೆ 180 ದಿನದ ದಾಖಲೆ ಇರಬೇಕು. ಉಬುಂಟು ಸಿಸ್‌ಲಾಗ್ ಉಳಿಸುವುದು 4 ವಾರ, ವೆಬ್ ಸರ್ವರ್ ಎಂಜಿನ್‌ಎಕ್ಸ್‌ನದು 14 ದಿನ. ಹಳೇ ಲಾಗ್‌ಗಳನ್ನು ಸರದಿಯಂತೆ ಅಳಿಸುವ ಲಾಗ್‌ರೊಟೇಟ್‌ನ ಮುಖ್ಯ ಫೈಲ್ ಒಂದನ್ನೇ ತಿದ್ದಿದರೆ ಪ್ರಯೋಜನವಿಲ್ಲ, ಇವೆರಡಕ್ಕೂ ಪ್ರತ್ಯೇಕ ಫೈಲುಗಳಿದ್ದು ಅವುಗಳ ಮಾತೇ ನಡೆಯುತ್ತದೆ. ಅವುಗಳಲ್ಲೇ ವಾರದ ಲೆಕ್ಕದವಕ್ಕೆ 27, ದಿನದ ಲೆಕ್ಕದವಕ್ಕೆ 190 ಎಂದು ಬರೆದು, ಕಂಪ್ರೆಸ್ ಹಾಕಿದ್ದೇನೆ.