ಚಿಪ್ಪಿನ ನೀರು ಚೆಲ್ಲದೆ ಮಾಡಿದ ಪಾಸ್ತಾ

ಬುಧವಾರ ರಾತ್ರಿ ಎಂಟೂಕಾಲು. ಮಗಳು ಬಿಸ್ಕತ್ತಿನ ಡಬ್ಬಿ ತೆಗೆದು ಮುಚ್ಚಿ, ತೆಗೆದು ಮುಚ್ಚಿ, ಹಸಿವಾಗಿದೆ ಅನ್ನುವುದನ್ನು ಬಾಯಿ ಬಿಡದೆ ಹೇಳುತ್ತಿದ್ದಾಳೆ. ಫ್ರಿಜ್‌ನಲ್ಲಿ ಬೆಳಿಗ್ಗೆ ತಂದಿಟ್ಟ 400 ಗ್ರಾಂ ಸಿಗಡಿ ಇದೆ. ಗಸಿ ಮಾಡೋಣ ಅಂದರೆ ಕಾಯಿ ತುರಿಯಬೇಕು, ಮಸಾಲೆ ಹುರಿಯಬೇಕು, ರುಬ್ಬಬೇಕು, ಅನ್ನ ಬೇರೆ ಆಗಬೇಕು. ಇಂಥ ದಿನ ನಮ್ಮ ಮನೆಯಲ್ಲಿ ಸಿಗಡಿ ಪಾಸ್ತಾ. ನಾನೇ ಮಾಡುವುದು. ಸಿಗಡಿ ಸುಲಿಯಲು ಕೂತಲ್ಲಿಂದ ತಟ್ಟೆಗೆ ಬರುವವರೆಗೆ ಅರ್ಧ ಗಂಟೆ ಸಾಕು.

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕ್ರೀಮ್ ಇಲ್ಲ, ಚೀಸ್ ಇಲ್ಲ, ಬಾಟಲಿ ಸಾಸ್ ಇಲ್ಲ. ಸಾಸ್ ಆಗುವುದು ನೀರಿನಿಂದ. ಇದು ನನಗೆ ಗೊತ್ತಾಗಿದ್ದು ಮರ್ಯಾದೆ ಕಳೆದುಕೊಂಡ ಮೇಲೆ.

ಕೆಲಸದ ಮೇಲೆ ಒಂದೂವರೆ ವರ್ಷ ಇಟಲಿಯ ನೇಪಲ್ಸ್‌ನಲ್ಲಿದ್ದೆ. ನನ್ನ ಊರು ಕುಮಟಾ ಕಡೆ, ಅಘನಾಶಿನಿ ದಂಡೆ. ಮೀನಿನ ವಾಸನೆ ಇರುವ ಊರಿಗೆ ಬಂದೆನಲ್ಲ ಅಂತ ಖುಷಿಯೋ ಖುಷಿ. ರೈಲ್ವೆ ಸ್ಟೇಷನ್ ಹತ್ತಿರ ಪೋರ್ಟಾ ನೊಲಾನಾ ಅಂತ ಒಂದು ಮೀನು ಪೇಟೆ ಇದೆ. ಅಲ್ಲಿ ಅಗಲ ಟ್ರೇಗಳಲ್ಲಿ ನೀರು ಬಿಟ್ಟುಕೊಂಡು ಬಳಚು, ಅಂದರೆ ಚಿಪ್ಪುಮೀನು, ಮಾರುತ್ತಾರೆ. ಹೌದು, ನಮ್ಮ ಬಳಚೇ. ಮಂಗಳೂರಿನವರ ಮರುವಾಯಿ. ಅಲ್ಲಿ ಅದರ ಹೆಸರು ವೊಂಗೊಲೆ. ಅದರಲ್ಲೂ ‘ವೆರಾಚೆ’ ಅನ್ನುವ ಜಾತಿಗೆ ಬೆಲೆ ಜಾಸ್ತಿ. ಚಿಪ್ಪಿನ ಸಂದಿಯಿಂದ ಎರಡು ಸಣ್ಣ ಕೊಂಬಿನಂಥ ಕೊಳವೆ ಹೊರಗೆ ಚಾಚಿಕೊಂಡು, ಆಗಾಗ ಪಿಚಕ್ ಅಂತ ನೀರು ಹಾರಿಸುತ್ತಿರುತ್ತವೆ. ಅದು ನೋಡಿ ನನಗೆ ಊರೇ ನೆನಪಾಗಿ ಒಂದು ಕಿಲೋ ತಂದೆ.

ತಂದು ಏನು ಮಾಡಿದೆ? ಬಳಚನ್ನು ನೀರಲ್ಲಿ ಬೇಯಿಸಿ, ನೀರು ಸಿಂಕಿಗೆ ಚೆಲ್ಲಿದೆ. ಈರುಳ್ಳಿ, ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಹುರಿದೆ. ಊರಿಂದ ಒಯ್ದಿದ್ದ ಗರಂ ಮಸಾಲೆ ಹಾಕಿದೆ. ಪಾಸ್ತಾ ಬೇಯಿಸಿ ಆ ನೀರನ್ನೂ ಚೆಲ್ಲಿದೆ. ಎಲ್ಲ ಒಣ ಒಣ ಆಯಿತು, ಅದಕ್ಕೆ ಮೇಲೆ ಚೀಸ್ ತುರಿದೆ. ಒಂದು ತಟ್ಟೆ ಕೆಳಗಿನ ಮನೆಯ ಅಜ್ಜಿಗೂ ಕೊಟ್ಟೆ. ಅವರು ಒಂದು ತುತ್ತು ತಿಂದರು, ಏನೂ ಅನ್ನಲಿಲ್ಲ. ಮೀನಿನ ಪಾಸ್ತಾಕ್ಕೆ ಅಲ್ಲಿ ಚೀಸ್ ಹಾಕುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಮುಂದಿನ ಭಾನುವಾರ ಬಾಗಿಲು ತಟ್ಟಿ, ಬಾ ಅಂತ ಕೈ ಸನ್ನೆ ಮಾಡಿ ಅಡಿಗೆಮನೆಗೆ ಕರೆದುಕೊಂಡು ಹೋದರು.

ಅವರ ಕಟ್ಟೆಯ ಮೇಲೆ ಇದ್ದದ್ದು ಆರೇ ಸಾಮಾನು. ಆಲಿವ್ ಎಣ್ಣೆ, ಬೆಳ್ಳುಳ್ಳಿ, ಒಂದು ಒಣಮೆಣಸು, ಪಾರ್ಸ್ಲಿ ಸೊಪ್ಪು, ಸ್ಪಗೆಟ್ಟಿ, ವೊಂಗೊಲೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ನೇಪಲ್ಸ್‌ನ ಮನೆಮನೆಯಲ್ಲೂ ಮಾಡುವ ಅಡಿಗೆ ಇದೇ. ವೊಂಗೊಲೆಯನ್ನು ನೀರು ಹಾಕದೆ ಬಾಣಲೆಗೆ ಸುರಿದು ಮುಚ್ಚಿದರು. ಮೂರ್ನಾಲ್ಕು ನಿಮಿಷಕ್ಕೆ ಎಲ್ಲ ಬಾಯಿ ಬಿಟ್ಟವು. ತಳದಲ್ಲಿ ಬೂದು ಬಣ್ಣದ ನೀರು ನಿಂತಿತ್ತು. ಅದನ್ನು ಬಟ್ಟೆಯಲ್ಲಿ ಸೋಸಿ ಲೋಟಕ್ಕೆ ಹಿಡಿದು, ಲೋಟ ನನ್ನ ಮೂಗಿನ ಹತ್ತಿರ ತಂದರು. ಹೋದ ವಾರ ಇದನ್ನೇ ನಾನು ಸಿಂಕಿಗೆ ಚೆಲ್ಲಿದ್ದು.

ನಾಚಿಕೆ ಆಗಿದ್ದು ಅಜ್ಜಿಯ ಮುಂದೆ ಅಲ್ಲ. ಅಮ್ಮ ನೆನಪಾಗಿ. ಅಮ್ಮ ಮೆಟ್ಟುಗತ್ತಿಯ ಮೇಲೆ ಹಸಿ ಬಳಚು ಸೀಳುವಾಗ ಕೆಳಗೆ ಒಂದು ಪಾತ್ರೆ ಇಟ್ಟೇ ಇಡುತ್ತಾಳೆ. ಸೋರುವ ನೀರು ಅದಕ್ಕೆ ಬೀಳಬೇಕು. ಅದು ತಿಳಿಯಾದ ಮೇಲೆ ಸಾರಿಗೆ ಹೋಗುತ್ತದೆ. ಇಪ್ಪತ್ತು ವರ್ಷ ಕಣ್ಣೆದುರು ನೋಡಿದ್ದು ಪರದೇಶದಲ್ಲಿ ಮರೆತೇ ಹೋಗಿತ್ತು.

ಈಗ ಬೆಂಗಳೂರಿನಲ್ಲಿ ಜೀವಂತ ಬಳಚು ಬೇಕೆಂದಾಗ ಸಿಗುವುದಿಲ್ಲ. ಹಾಗಾಗಿ ವಾರದ ದಿನಗಳಲ್ಲಿ ಸಿಗಡಿ. ಆದರೆ ಸಿಗಡಿ ಬೇಯುವಾಗ ಬಳಚಿನ ಹಾಗೆ ರುಚಿಯ ನೀರು ಬಿಡುವುದಿಲ್ಲ. ಅದರ ರುಚಿ ಇರುವುದು ತಲೆಯಲ್ಲಿ, ಸಿಪ್ಪೆಯಲ್ಲಿ. ಅದಕ್ಕೇ ನಾನು ಸುಲಿದ ಸಿಗಡಿ ಕೊಳ್ಳುವುದಿಲ್ಲ. ತಲೆ ಇರುವ 400 ಗ್ರಾಂ ತಂದರೆ ಸುಲಿದ ಮೇಲೆ ಉಳಿಯುವುದು ಹೆಚ್ಚುಕಡಿಮೆ ಅರ್ಧ. ಮೂರು ಜನಕ್ಕೆ ಅಷ್ಟು ಸಾಕು. ಉಳಿದರ್ಧವೇ ಸಾಸ್.

ಸುಲಿಯುವ ಕೆಲಸಕ್ಕೆ ಹತ್ತು ನಿಮಿಷ. ಬೆನ್ನಿನ ಕರಿ ದಾರ ತೆಗೆಯಲು ಚಾಕು ಬೇಡ. ತಲೆಯಿಂದ ಎರಡನೇ ಗೆಣ್ಣಿನ ಹತ್ತಿರ ಟೂತ್‌ಪಿಕ್ ಚುಚ್ಚಿ ಮೆಲ್ಲಗೆ ಮೇಲಕ್ಕೆತ್ತಿದರೆ ಇಡೀ ದಾರ ಬರುತ್ತದೆ. ಸುಲಿದ ಸಿಗಡಿಯನ್ನು ಬಟ್ಟೆಯಲ್ಲಿ ಒತ್ತಿ ಒರೆಸಿ, ಚಿಟಿಕೆ ಉಪ್ಪು ಹಾಕಿ ಬದಿಗಿಡಿ. ಅರಿಸಿನ ಹಚ್ಚಬೇಡಿ. ಕೈ ತಾನಾಗಿಯೇ ಅರಿಸಿನದ ಡಬ್ಬಿಗೆ ಹೋಗುತ್ತದೆ, ನನಗೆ ಗೊತ್ತು.

ಒಂದು ಒಲೆಯಲ್ಲಿ ಪಾಸ್ತಾಕ್ಕೆ ನೀರು. 300 ಗ್ರಾಂ ಸ್ಪಗೆಟ್ಟಿಗೆ ಪುಸ್ತಕದ ಲೆಕ್ಕ 3 ಲೀಟರ್, ಲೀಟರಿಗೆ 10 ಗ್ರಾಂ ಉಪ್ಪು. ನಾನು ಎರಡೇ ಲೀಟರ್ ಇಡುತ್ತೇನೆ, ಉಪ್ಪು ಒಟ್ಟು ಮೂರು ಸಣ್ಣ ಚಮಚ. ನೀರು ಕಡಿಮೆ ಇದ್ದರೆ ಪಾಸ್ತಾ ಬಿಡುವ ಹಿಟ್ಟಿನ ಗಂಜಿ ಗಟ್ಟಿಯಾಗುತ್ತದೆ. ಆ ಗಂಜಿ ನಮಗೆ ಬೇಕು. ಉಪ್ಪು ಕಡಿಮೆ ಯಾಕೆಂದರೆ ಅದೇ ನೀರು ಆಮೇಲೆ ಬಾಣಲೆಗೆ ಬಂದು ಬತ್ತುತ್ತದೆ, ಬತ್ತಿದಷ್ಟೂ ಉಪ್ಪು ಏರುತ್ತದೆ.

ಇನ್ನೊಂದು ಒಲೆಯಲ್ಲಿ ಅಗಲ ಬಾಣಲೆ. ನಾಲ್ಕು ಚಮಚ ಎಣ್ಣೆ ಕಾಯಿಸಿ, ತಲೆ-ಸಿಪ್ಪೆ ಎಲ್ಲ ಸುರಿಯುತ್ತೇನೆ. ಮಗಳು ಸ್ಟೂಲು ಎಳೆದುಕೊಂಡು ಬಂದು ನಿಲ್ಲುವುದು ಈಗಲೇ. ಬೂದಿ ಬಣ್ಣದ ಸಿಪ್ಪೆ ಅರೆ ನಿಮಿಷದಲ್ಲಿ ಕೇಸರಿ ಆಗುತ್ತದೆ. ಆ ಕೆಂಪು ಬಣ್ಣ ಸಿಪ್ಪೆಯಲ್ಲಿ ಮೊದಲೇ ಇರುತ್ತದೆ, ಪ್ರೊಟೀನಿನ ಜೊತೆ ಅಂಟಿಕೊಂಡು ಬೇರೆ ಬಣ್ಣ ತೋರಿಸುತ್ತಿರುತ್ತದೆ ಅಷ್ಟೆ. ಬಿಸಿಗೆ ಪ್ರೊಟೀನು ಕೈಬಿಟ್ಟರೆ ಬಣ್ಣ ಹೊರಬರುತ್ತದೆ. ಅದು ಎಣ್ಣೆಯಲ್ಲಿ ಕರಗುವ ಬಣ್ಣ. ಹಾಗಾಗಿ ನೀರಲ್ಲಿ ಕುದಿಸುವ ಮೊದಲು ಎಣ್ಣೆಯಲ್ಲಿ ಹುರಿಯಬೇಕು. ಸೌಟಿನ ಹಿಂಬದಿಯಿಂದ ತಲೆಗಳನ್ನು ಒತ್ತಿ ಜಜ್ಜಿ. ಒಳಗಿನ ರಸ ಬಿಟ್ಟು ಎಣ್ಣೆ ಬೆಂಕಿ ಬಣ್ಣಕ್ಕೆ ತಿರುಗುತ್ತದೆ. ಒಂದು ಟೊಮೆಟೊ ಹೆಚ್ಚಿ ಹಾಕಿ, ಒಂದೂವರೆ ಲೋಟ ನೀರು ಬಿಟ್ಟು, ಎಂಟು ನಿಮಿಷ ಕುದಿಸಿ ಸೋಸಿದರೆ ಮುಕ್ಕಾಲು ಲೋಟ ಚಿಪ್ಪಿನ ನೀರು ರೆಡಿ. ಜಾಸ್ತಿ ಹೊತ್ತು ಕುದಿಸಿದರೆ ಕಹಿ ಬರುತ್ತದೆ.

ಈ ಎಂಟು ನಿಮಿಷದಲ್ಲಿ ನೀರು ಕುದಿ ಬಂದಿರುತ್ತದೆ, ಸ್ಪಗೆಟ್ಟಿ ಒಳಗೆ. ಪಾಸ್ತಾ ಯಾವುದು ಅಂತ ಕೇಳುತ್ತೀರಿ. ಪ್ಯಾಕೆಟ್ ಹಿಂದೆ ಡ್ಯೂರಮ್ ಗೋಧಿ ಅಂತ ಇರಬೇಕು, ಮೈದಾ ಇರಬಾರದು. ಇಟಲಿಯಲ್ಲಂತೂ ಒಣ ಪಾಸ್ತಾ ಡ್ಯೂರಮ್ ಗೋಧಿಯದ್ದೇ ಆಗಬೇಕು ಅಂತ 1967ರಲ್ಲೇ ಕಾನೂನು ಬಂತು. ಡ್ಯೂರಮ್ ಅಂದರೆ ದೂರದ್ದೇನಲ್ಲ, ಉಪ್ಪಿಟ್ಟಿನ ಬನ್ಸಿ ರವೆ ಆ ಜಾತಿಯ ಗೋಧಿಯದ್ದೇ. ಮೈದಾದ್ದು ಬೆಂದರೆ ಮುದ್ದೆ. ನೇಪಲ್ಸ್ ಪಕ್ಕದ ಗ್ರಾನ್ಯಾನೊ ಊರಿನ ಪಾಸ್ತಾ ಮುಟ್ಟಿದರೆ ಕೈಗೆ ತರಿ ತರಿ. ಕಂಚಿನ ಅಚ್ಚಿನಲ್ಲಿ ಒತ್ತಿದ್ದು ಅದಕ್ಕೆ. ತರಿ ಇದ್ದರೆ ಸಾಸ್ ಹಿಡಿಯುತ್ತದೆ. ದುಬಾರಿ. ನಾನು ದಿನಾ ಅದನ್ನು ತರುವುದಿಲ್ಲ.

ಬಾಣಲೆ ಒರೆಸಿ ಮತ್ತೆ ಎರಡು ಚಮಚ ಎಣ್ಣೆ, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ, ಮುರಿದ ಒಂದು ಗುಂಟೂರು ಮೆಣಸು. ಬ್ಯಾಡಗಿ ಬೇಡ, ಬಣ್ಣ ಆಗಲೇ ಬಂದಿದೆ, ಬೇಕಾಗಿರುವುದು ಖಾರ. ಬೆಳ್ಳುಳ್ಳಿ ಹೊಂಬಣ್ಣಕ್ಕೆ ಬರುತ್ತಿದ್ದ ಹಾಗೆ ಸಿಗಡಿ ಹರಡಿ. ಒಂದು ಬದಿ ಒಂದು ನಿಮಿಷ, ತಿರುಗಿಸಿ ಅರ್ಧ ನಿಮಿಷ, ತೆಗೆದು ತಟ್ಟೆಗೆ. ಕೊಡೆಯ ಹಿಡಿಯ ಹಾಗೆ ಬಾಗಿದ್ದರೆ ಸರಿ. ಬಳೆಯ ಹಾಗೆ ಸುತ್ತಿಕೊಂಡರೆ ಕೆಟ್ಟಿತು, ರಬ್ಬರು. ಮನೆಯಲ್ಲಿ ಬೊಂಡಾಸ್ (ಸ್ಕ್ವಿಡ್) ಇದ್ದರೆ ಉಂಗುರ ಕತ್ತರಿಸಿ ಇದೇ ರೀತಿ, ಎರಡು ನಿಮಿಷ ಮೀರದೆ.

ಇನ್ನು ನಿಜವಾದ ಕೆಲಸ. ಪ್ಯಾಕೆಟ್ ಮೇಲೆ 10 ನಿಮಿಷ ಅಂತಿದ್ದರೆ ನಾನು 7ನೇ ನಿಮಿಷಕ್ಕೇ ಸ್ಪಗೆಟ್ಟಿಯನ್ನು ಇಕ್ಕಳದಲ್ಲಿ ಎತ್ತಿ ಬಾಣಲೆಗೆ ಹಾಕುತ್ತೇನೆ. ಕಚ್ಚಿದರೆ ನಡುವೆ ಬಿಳಿ ಚುಕ್ಕಿ ಕಾಣುತ್ತಿರಬೇಕು. ಚಿಪ್ಪಿನ ನೀರು ಪೂರ್ತಿ, ಪಾಸ್ತಾದ ಗಂಜಿ ಒಂದು ಸೌಟು, ಉರಿ ಜೋರು. ಮಿಕ್ಕ ಮೂರು ನಿಮಿಷ ಅದು ಈ ನೀರನ್ನು ಕುಡಿದುಕೊಂಡೇ ಬೇಯಬೇಕು. ಒಂದು ಕೈಯಲ್ಲಿ ಬಾಣಲೆ ಕುಲುಕುತ್ತಾ, ಇನ್ನೊಂದು ಕೈಯಲ್ಲಿ ತಿರುವುತ್ತಾ ಇರಬೇಕು. ಮೊದಲು ಎಣ್ಣೆ ಬೇರೆ, ನೀರು ಬೇರೆ ಕಾಣುತ್ತದೆ. ಗಂಜಿ ಎರಡನ್ನೂ ಹಿಡಿದು ಕಟ್ಟಿದಾಗ ಒಮ್ಮೆಲೇ ಮಂದವಾಗಿ, ಹೊಳಪು ಬರುತ್ತದೆ. ಅಜ್ಜಿ ಇದನ್ನು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಕುದಿಯುವ ಬುಳುಬುಳು ಸದ್ದು ಹೋಗಿ, ತಿರುವಿದಾಗ ಪಚಪಚ ಅಂದರೆ ಉರಿ ಆರಿಸುತ್ತಿದ್ದರು. ಆರಿಸಿದ ಮೇಲೆ ಸಿಗಡಿ, ಅರ್ಧ ಲಿಂಬೆ, ಹೆಚ್ಚಿದ ಪಾರ್ಸ್ಲಿ. ಪಾರ್ಸ್ಲಿ ಇಲ್ಲವಾದರೆ ಕೊತ್ತಂಬರಿ ಹಾಕಬಹುದಾ? ಹಾಕಿ ನೋಡಿದ್ದೇನೆ. ತಿಂದವರಿಗೆ ಬರೀ ಕೊತ್ತಂಬರಿ ನೆನಪಿರುತ್ತದೆ. ಸುಮ್ನೆ ಬಿಟ್ಟುಬಿಡಿ.

ಮೊದಲ ಸಲ ಇದನ್ನು ತಿಂದಾಗ ನನ್ನ ಹೆಂಡತಿ ಹೇಳಿದ್ದು ಒಂದೇ ಮಾತು: ‘ಇದು ನಮ್ಮ ಮರುವಾಯಿ ಪುಂಡಿ ಅಲ್ವಾ?’ ಅವಳು ಮಂಗಳೂರಿನವಳು. ನನಗೆ ಹೊಳೆದೇ ಇರಲಿಲ್ಲ. ಅಕ್ಕಿ ಹಿಟ್ಟಿನ ಸಣ್ಣ ಉಂಡೆಗಳನ್ನು ಮರುವಾಯಿಯ ಗಸಿಯಲ್ಲಿ ಬಿಟ್ಟರೆ ಅವು ರಸ ಕುಡಿಯುತ್ತವೆ, ತಮ್ಮ ಹಿಟ್ಟು ಬಿಟ್ಟು ಗಸಿಯನ್ನು ಮಂದ ಮಾಡುತ್ತವೆ. ಕಾಯಿ-ಮಸಾಲೆ ಬಿಟ್ಟರೆ ಲೆಕ್ಕ ಅದೇ. ಅವಳಿಗೆ ಆ ‘ಕಾಯಿ ಬಿಟ್ಟರೆ’ ಅನ್ನುವ ಮಾತೇ ಒಪ್ಪಿಗೆ ಇಲ್ಲ, ಅದು ಬೇರೆ.

ಜೂನ್, ಜುಲೈ ಎರಡು ತಿಂಗಳು ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಫ್ರೋಜನ್ ಸಿಗಡಿಯೇ ಗತಿ. ಹಿಂದಿನ ರಾತ್ರಿಯೇ ಫ್ರೀಜರ್‌ನಿಂದ ಕೆಳಗಿನ ಶೆಲ್ಫಿಗೆ ಇಳಿಸಿಡಿ, ಬಿಸಿನೀರಿಗೆ ಹಾಕಬೇಡಿ. ಅವಕ್ಕೆ ತಲೆ ಇರುವುದಿಲ್ಲ, ಸಾಸ್ ಸ್ವಲ್ಪ ಬಡವಾಗುತ್ತದೆ.

ಬಳಚಿನ ಪಾಸ್ತಾ ಈಗಲೂ ವರ್ಷಕ್ಕೆ ಎರಡು-ಮೂರು ಸಲ ಆಗುತ್ತದೆ, ಊರಿಗೆ ಹೋಗಿ ಬಂದಾಗ. ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ನಮ್ಮೂರವರಿಗೆ ಅದು ಇಳಿತದ ಹೊತ್ತಿಗೆ ಬುಟ್ಟಿ ಹಿಡಿದು ಇಳಿಯುವ ಜಾಗ. ಒಮ್ಮೆ ನಗರದ ಒಂದು ಅಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದ ಬಳಚು ತರಿಸಿದ್ದೆ. ಅರ್ಧಕ್ಕರ್ಧ ಬಾಯಿ ಬಿಟ್ಟುಕೊಂಡಿದ್ದವು, ಬೆರಳಲ್ಲಿ ತಟ್ಟಿದರೂ ಮುಚ್ಚಲಿಲ್ಲ. ಅಂದರೆ ಸತ್ತಿದ್ದವು. ಎಲ್ಲ ಎಸೆದೆ. ಚೀಲದೊಳಗೆ ಉಸಿರು ಕಟ್ಟುತ್ತದೆ, ಸಿಹಿನೀರಲ್ಲಿ ಮುಳುಗಿಸಿಟ್ಟರೂ ಸಾಯುತ್ತವೆ. ಅದಕ್ಕೆ ನಾನು ಒದ್ದೆ ಗೋಣಿಯಲ್ಲಿ ಸುತ್ತಿ, ಮುಚ್ಚಳ ಸ್ವಲ್ಪ ತೆರೆದ ಡಬ್ಬದಲ್ಲಿ ರಾತ್ರಿ ಬಸ್ಸಿಗೆ ಹಾಕಿಕೊಂಡು ಬರುತ್ತೇನೆ. ಮನೆಗೆ ಬಂದ ಮೇಲೆ ಲೀಟರಿಗೆ 30 ಗ್ರಾಂ ಉಪ್ಪಿನ ನೀರಲ್ಲಿ, ಕತ್ತಲೆಯಲ್ಲಿ, ಎರಡು ಗಂಟೆ. ಮರಳು ಕಕ್ಕುತ್ತವೆ. ಬೆಂದ ಮೇಲೂ ಬಾಯಿ ಬಿಡದಿದ್ದವನ್ನು ಒತ್ತಾಯ ಮಾಡಿ ಬಿಡಿಸುವುದಿಲ್ಲ, ಕಸಕ್ಕೆ.

ಹೋದ ಡಿಸೆಂಬರ್‌ನಲ್ಲಿ ಅಮ್ಮ ಬಂದಿದ್ದಳು, ಅವಳೇ ಬಳಚು ತಂದಿದ್ದಳು. ಅಜ್ಜಿ ಹೇಳಿಕೊಟ್ಟ ಹಾಗೇ ಮಾಡಿದೆ. ಅಮ್ಮ ಸ್ಪಗೆಟ್ಟಿಯನ್ನು ಚಮಚದಲ್ಲಿ ಎತ್ತಲು ಹೋಗಿ, ಅದು ಜಾರಿ, ಕೊನೆಗೆ ಕೈಯಲ್ಲೇ ತಿಂದಳು. ಚಿಪ್ಪು ಒಂದೊಂದೇ ಚೀಪಿದಳು. ‘ಶ್ಯಾವಿಗೆ ಉದ್ದ ಆಯ್ತು’ ಅಂದಳು. ಆಮೇಲೆ ಎದ್ದು ಅಡಿಗೆಮನೆಗೆ ಹೋದಳು. ನೋಡಿದರೆ ಬಾಣಲೆಯ ತಳದಲ್ಲಿ ಉಳಿದಿದ್ದ ಸಾಸಿಗೆ ಮಧ್ಯಾಹ್ನದ ಕುಚಲಕ್ಕಿ ಅನ್ನ ಹಾಕಿ, ಬಾಣಲೆ ಒರೆಸಿಕೊಂಡು ಕಲಸುತ್ತಿದ್ದಾಳೆ. ‘ಉಪ್ಪಿನಕಾಯಿ ಎಲ್ಲಿಟ್ಟಿದ್ದೀಯೋ?’ ಅಂತ ಕೇಳಿದಳು.